ಬೆಲ್ಲ ಹಾಕಿದ ಹಸಿರು ಚಹಾ

ನಮ್ಮವ್ವ ಬಳೆಗಾರ್ತಿ. ಲಕ್ಷ್ಮೇಶ್ವರದಿಂದ ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಬಸ್ಸು ಹಿಡಿದು ಹೋಗಿ, ಓಣಿ ಓಣಿ ತಿರುಗಿ ಬಳೆ ತೊಡಿಸಿ ಬರುತ್ತಿದ್ದಳು. ಬಳೆಗಾರ್ತಿಯನ್ನು ಬರಿಬಾಯಲ್ಲಿ ಕಳಿಸಬಾರದೆಂದು ಪ್ರತಿ ಮನೆಯಲ್ಲೂ ಚಹಾ ಕೊಡುತ್ತಿದ್ದರು. ಒಲ್ಲೆ ಅಂದರೆ ಆ ಮನೆಯ ಹೆಣ್ಣುಮಕ್ಕಳ ಮುಖ ಸಣ್ಣದಾಗುತ್ತಿತ್ತು. ಅವ್ವನಿಗೂ ಒಲ್ಲೆ ಅನ್ನಲು ಬಾಯಿ ಬರುತ್ತಿರಲಿಲ್ಲ. ಹೀಗೆ ಮನೆಗೊಂದು ಕಪ್ಪು, ಕಪ್ಪಿನ ತುಂಬ ಸಕ್ಕರೆ.

ಸಕ್ಕರೆ ಕಾಯಿಲೆ ಬಂತು. ಚಪ್ಪಲಿ ಕಚ್ಚಿ ಎಡಗಾಲ ಹೆಬ್ಬೆರಳಿಗೆ ಆದ ಗಾಯ ತಿಂಗಳಾದರೂ ಮಾಯಲಿಲ್ಲ. ಗದಗ ಜಿಲ್ಲೆಯಾದಮೇಲೆ ಎಲ್ಲದಕ್ಕೂ ಅಲ್ಲಿಗೇ ಓಡುವುದು ನಮಗೆ ರೂಢಿ. ಅಲ್ಲಿಯ ಡಾಕ್ಟರು ನನ್ನತ್ತ ನೋಡಿ ಹೇಳಿದರು.

"ಗುಳಿಗಿ ತಪ್ಪಸಬ್ಯಾಡ್ರಿ. ಸಕ್ಕರಿ ಚಾ ಇವತ್ತಿಂದ ಬಂದ್. ಚಾ ಬೇಕs ಬೇಕು ಅಂತ ಹಟ ಮಾಡಿದ್ರ ಗ್ರೀನ್ ಟೀ ಕೊಡ್ರಿ. ಇಲ್ಲಾಂದ್ರ ಕಾಲು ಉಳಿಯೂದಿಲ್ಲ."

ತಿರುಗಿ ತಿರುಗಿಯೇ ನಮ್ಮನ್ನು ಸಾಕಿದ ಕಾಲು ಅದು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೇ ಒಂದು ಪಾಕೀಟು ಕೊಂಡೆ.

ಪಾಕೀಟಿನ ಮೇಲೆ ಬರೆದದ್ದನ್ನು ಓದುವ ಜಾಯಮಾನ ನನ್ನದಲ್ಲ. ಚಹಾ ಮಾಡುವುದನ್ನು ನನಗೆ ಯಾರು ಕಲಿಸಬೇಕು? ನಮ್ಮ ಕಡೆ ಚೆನ್ನಾಗಿ ಕುದಿಯದ ಚಹಾ ಕೊಟ್ಟರೆ ಬಂದವರಿಗೆ ಅವಮಾನ ಮಾಡಿದಂತೆ. ಎರಡು ಚಮಚ ಎಲೆ ಸುರಿದು ಕುದಿಸಿದೆ. ಬಣ್ಣ ಬರಲಿಲ್ಲವೆಂದು ಮತ್ತೆ ಕುದಿಸಿದೆ. ಅವ್ವ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗುಳಿದಳು.

"ಬೇವಿನ ತಪ್ಪಲ ಕುದಿಸೀಯೇನ?"

"ಔಷಧ ಅಂತ ತಿಳಕೊಂಡು ಕುಡಿ ಬೇ ಅವ್ವಾ."

"ಸಾಯ್ತೀನಿ ಖರೆ, ಇದನ್ನ ಮಾತ್ರ ಕುಡಿಯಂಗಿಲ್ಲ."

ಎರಡು ದಿನ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಬಿದ್ದಳು. ಮೂರನೆಯ ದಿನ, ಚಹಾ ಕುಡಿದು ಬರುತ್ತೇನೆಂದು ಕುಂಟುತ್ತಲೇ ಪಕ್ಕದ ಮನೆಗೆ ಹೊರಟುನಿಂತಳು. ನನಗೆ ಅಳು ಬಂತು, ಸಿಟ್ಟೂ ಬಂತು. ಏನು ಮಾಡಲೂ ತೋಚದೆ ಆ ಕಹಿಗೆ ಒಂದು ಉಂಡೆ ಬೆಲ್ಲ ಹಾಕಿದೆ. ಸಕ್ಕರೆ ಬೇಡ ಅಂದಿದ್ದರು, ಬೆಲ್ಲ ಬೇಡ ಅಂದಿರಲಿಲ್ಲವಲ್ಲ! ಅವ್ವ ಗಟಗಟ ಕುಡಿದಳು. ಅಂದಿನಿಂದ ದಿನಕ್ಕೆ ಐದಾರು ಸಲ ಮಾಡಿಕೊಟ್ಟೆ. "ನಮ್ಮವ್ವ ಈಗ ಗ್ರೀನ್ ಟೀ ಕುಡಿತಾಳ್ರಿ" ಎಂದು ಓಣಿಯ ತುಂಬ ಹೇಳಿಕೊಂಡು ಬಂದೆ, ಮೂರ್ಖಳು.

ಬೆರಳು ಕಪ್ಪಾಯಿತು. ಕಪ್ಪು ಪಾದಕ್ಕೆ ಏರಿತು. ಗದಗಿನ ಬಸ್ಸಿನಲ್ಲಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ದೇವರೇ, ನನ್ನ ಕಾಲು ತಗೋ, ಇದನ್ನು ಬಿಡು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಹೊರಗೆ ಗೋಡೆಗೆ ಒರಗಿ ಅಳುತ್ತಿದ್ದ ನನ್ನ ಹತ್ತಿರ ನರ್ಸಮ್ಮ ಬಂದು, ಅವ್ವ ಏನೇನು ತಿನ್ನುತ್ತಿದ್ದಳು, ಕುಡಿಯುತ್ತಿದ್ದಳು ಎಂದು ವಿಚಾರಿಸಿದರು. ಚಹಾದ ಸಂಗತಿ ಹೇಳಿದೆ. ಬೆಲ್ಲದ ಮಾತು ಬರುತ್ತಲೇ ಆಕೆ ಹಣೆ ಹಿಡಿದುಕೊಂಡರು.

"ಬೆಲ್ಲಾನೂ ಸಕ್ಕರೀನs ಅಕ್ಕಾರ! ಆ ಎಲಿ ಕುದಸಬಾರದ್ರಿ. ನೀರು ಕುದಿಸಿ ಇಳಿಸಿ, ಸ್ವಲ್ಪ ಆರಾಕ ಬಿಡ್ರಿ. ಆಮ್ಯಾಲ ಒಂದು ಚಮಚ ಎಲಿ ಹಾಕಿ, ಎರಡು ನಿಮಿಷಕ್ಕ ಸೋಸಿಬಿಡ್ರಿ. ಅಷ್ಟು ಕಹಿ ಆಗೂದಿಲ್ಲ, ಸಿಹಿ ಬೇಕಂತ ಅನಸೂದೂ ಇಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಹೊತ್ತಿಗೆ ಒಳಗೆ ಅವ್ವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಿದ್ದರು.

ಮನೆಗೆ ಬಂದ ಮರುದಿನ ನರ್ಸಮ್ಮ ಹೇಳಿದ ಹಾಗೆಯೇ ಮಾಡಿದೆ. ನೀರು ಆರುವುದನ್ನು ಕಾಯುತ್ತ ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಚಹಾ ತಿಳಿ ಹಳದಿಯಾಗಿ ಇಳಿಯಿತು. ಬೆಲ್ಲ ಹಾಕಲಿಲ್ಲ. ಉಗುಳುತ್ತಾಳೆಂದು ಕೈಯಲ್ಲಿ ಬಟ್ಟೆ ಹಿಡಿದೇ ಕುಳಿತೆ. ಅವ್ವ ನಿಧಾನವಾಗಿ ಇಡೀ ಕಪ್ಪು ಮುಗಿಸಿದಳು.

"ಚೊಲೋ ಐತಲ್ಲ," ಅಂದಳು. "ಮೊದಲs ಹಿಂಗ ಯಾಕ ಮಾಡಲಿಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದ್ದಳು. ಅವಳು ಹೊದ್ದ ಕೌದಿಯೊಳಗೆ ಕೈಹಾಕಿ, ಉಳಿದ ಒಂದು ಕಾಲನ್ನು ಹಿಡಿದುಕೊಂಡು ಕುಳಿತೆ.