ಬೋಗುಣಿಗೆ ಬಿಟ್ಟ ಜಾಗ

ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರ ಅಡುಗೆಮನೆಯಲ್ಲಿ ಪಾತ್ರೆ ಇಡುವ ಹಲಗೆಗಳಿಗೆ ಬಾಗಿಲಿರಲಿಲ್ಲ. ಹಲಗೆ ಮೂರಿದ್ದವೋ ನಾಲ್ಕೋ, ಈಗ ಖಾತ್ರಿಯಿಲ್ಲ. ಅಂಚನ್ನು ಹೂವಿನಂತೆ ಕತ್ತರಿಸಿದ ಹಳೆಯ ಪತ್ರಿಕೆ ಹಾಸಿ, ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆ ಪಾತ್ರೆಗಳನ್ನು ಅದರ ಮೇಲೆ ಜೋಡಿಸುತ್ತಿದ್ದರು. ಯಾರಾದರೂ ಮದುವೆಗೆಂದು ಒಂದನ್ನು ಒಯ್ದರೆ, ಅದು ಬರುವವರೆಗೆ ಆ ಜಾಗದಲ್ಲಿ ಬೇರೇನೂ ಇಡುತ್ತಿರಲಿಲ್ಲ.

"ಇಸ್ಕೊಂಡೋರು ವಾಪಸ್ ಬರಾಕೆ ಜಾಗ ಬ್ಯಾಡ್ವಾ?" ಎನ್ನುತ್ತಿದ್ದರು.

ದೊಡ್ಡ ಬೋಗುಣಿಯ ಜಾಗ ಮಾತ್ರ ವರ್ಷಗಳಿಂದ ಖಾಲಿಯಿತ್ತು. ಅದನ್ನು ಮಗಳ ಮದುವೆಗೆ ಒಯ್ದಿದ್ದ ಓರಗಿತ್ತಿ, ಆಮೇಲೆ ಹಿತ್ತಿಲ ಗೋಡೆಯ ಜಗಳದಲ್ಲಿ ಮಾತು ಬಿಟ್ಟಿದ್ದಳು.

ಹೊಸ ಸೊಸೆ ಬಂದಳು. ಮೊಬೈಲಿನಲ್ಲಿ ನೋಡಿದ ಹಳೇ ಕಾಲದ ಮನೆಗಳಂತೆ ಹಲಗೆ ಸಿಂಗರಿಸಲು ಹೊರಟಳು. ದೊಡ್ಡಮ್ಮ ಖುಷಿಯಿಂದಲೇ ಅಟ್ಟದ ಉಪ್ಪಿನಕಾಯಿ ಜಾಡಿಗಳನ್ನು ಇಳಿಸಿಕೊಟ್ಟರು. ಖಾಲಿ ಜಾಗಕ್ಕೆ ಮನಿಪ್ಲಾಂಟಿನ ಬಾಟಲಿ ಬಂದಾಗ ಮಾತ್ರ ಕೈ ತಡೆದರು.

"ಖಾಲಿ ಬಿಟ್ರೆ ಎದ್ದು ಕಾಣ್ತೈತೆ ಅತ್ತೆ."

"ಕಾಣ್ಲಿ ಅಂತ್ಲೇ ಬಿಟ್ಟೀನಿ ಕಣವ್ವ. ಗಿಡ ಇಟ್ಬಿಟ್ರೆ, ನಾನಿನ್ನು ಇವ್ರಿಗೆ ಬ್ಯಾಡ ಅನ್ಕಂತಾಳೆ ಆಕೆ."

ಸೊಸೆಯ ಸೀಮಂತಕ್ಕೆ ಓರಗಿತ್ತಿ ಬರಿಗೈಯಲ್ಲಿ ಬಂದಳು. ಅಡುಗೆಮನೆಯ ಬಾಗಿಲಲ್ಲೇ ನಿಂತು ಹಲಗೆಯನ್ನು ನೋಡಿದಳು.

"ಅಕ್ಕಾ, ಇನ್ನೂ ಹಂಗೇ ಬಿಟ್ಟೀಯಲ್ಲೇ."

"ನೀನು ಇಷ್ಟು ತಡ ಮಾಡ್ತೀಯ ಅಂತ ಗೊತ್ತಿದ್ರೆ ಗಿಡಾನೇ ಇಡಿಸ್ತಿದ್ದೆ. ಕುಂತ್ಕ, ಹೋಳಿಗೆ ತಟ್ಟು."

ಇಬ್ಬರೂ ಆಗ ನಕ್ಕರೋ, ಅತ್ತರೋ, ಅಲ್ಲಿ ನನ್ನ ನೆನಪನ್ನು ನಾನೇ ನಂಬಲಾರೆ. ಬೋಗುಣಿಯ ಮಾತನ್ನು ದೊಡ್ಡಮ್ಮ ಎತ್ತಲೇ ಇಲ್ಲ. ಅಷ್ಟು ಮಾತ್ರ ಖಚಿತ.