ಎಣ್ಣೆ ತಾಕದ ಬೆನ್ನು

ಅಕ್ಕ ಮಂಡಿನೋವಿಗೆಂದು ಸಾಗರದಲ್ಲಿ ಇನ್‌ಫ್ರಾರೆಡ್ ಸೌನಾಕ್ಕೆ, ಕೆಂಪು ಬೆಳಕಿನ ಶಾಖದಲ್ಲಿ ಮೈ ಬೆವರಿಸುವಲ್ಲಿಗೆ, ಹೋಗುತ್ತಿದ್ದಳು. ಅವಳು ತೀರಿಕೊಂಡು ಎರಡು ತಿಂಗಳಾದ ಮೇಲೆ ಅಲ್ಲಿಂದ ಫೋನ್ ಬಂತು. ಅವಳು ಮುಂಗಡ ದುಡ್ಡು ಕಟ್ಟಿದ್ದರಲ್ಲಿ ಇನ್ನೊಂದು ಸಲ ಬಾಕಿಯಿದೆ, ನೀವಾದರೂ ಬನ್ನಿ ಎಂದರು. ಅವಳು ಹೋದಂದಿನಿಂದ ನನಗೆ ಅಳು ಬಂದಿರಲಿಲ್ಲ. ಬಿಸಿನೀರು ಹೊಯ್ದುಕೊಂಡರೂ ಬಿಸಿಯೆನಿಸುತ್ತಿರಲಿಲ್ಲ. ಅಲ್ಲಾದರೂ ಏನಾದರೂ ಅನ್ನಿಸೀತೇ ನೋಡೋಣವೆಂದು ಹೊಸನಗರದಿಂದ ಬಸ್ಸು ಹತ್ತಿದೆ.

ಮೈ ಕಾಯಿಸುವ ಮೊದಲು ಎಣ್ಣೆ ಹಚ್ಚುವುದು ನಮ್ಮ ಮನೆಯ ರೂಢಿ. ಹಾಗೇ ಹಚ್ಚಿಕೊಂಡು ಹೋಗಿದ್ದೆ. ಸೌನಾ ನೋಡಿಕೊಳ್ಳುವ ಹೆಂಗಸು ನನ್ನ ತೋಳು ಮುಟ್ಟಿ ನಕ್ಕಳು.

“ಅಯ್ಯೋ ಅಮ್ಮಾ, ನೀವೂ ಎಣ್ಣೆ ಹಚ್ಕೊಂಡ್ ಬಂದ್ರಾ? ಇಲ್ಲಿಗೆ ಹಚ್ಕೊಂಡ್ ಬರ್ಬಾರ್ದು. ನಿಮ್ಮಕ್ಕನೂ ಮೊದಲ್ನೇ ದಿನ ಹಿಂಗೇ ಮಾಡಿದ್ರು. ಅವ್ರ ಬೆನ್ನು ಒರ್ಸೋಕೇ ಒಂದು ಟವೆಲ್ ಹೋಯ್ತು!”

ಆ ಬೆನ್ನಿಗೆ ಎಣ್ಣೆ ತಿಕ್ಕಿ ಕಳಿಸಿದ್ದು ನಾನೇ; ನನ್ನ ಬೆನ್ನಿಗೆ ತಿಕ್ಕುತ್ತಿದ್ದವಳು ಅವಳು. ನನಗೆ ಬೇಜಾರಾದೀತೆಂದೋ ಏನೋ, ಅಕ್ಕ ಈ ವಿಷಯ ಹೇಳಿರಲಿಲ್ಲ.

ಹೆಂಗಸು ನನ್ನ ಮೈಯನ್ನೂ ಒರೆಸಿದಳು. ಬೆನ್ನಿಗೆ ಬಂದಾಗ ಕೈ ನಿಲ್ಲಿಸಿದಳು. “ಇಲ್ಲಿ ಹಚ್ಚೇ ಇಲ್ವಲ್ಲ?”

“ಕೈ ಎಟಕ್ಲಿಲ್ಲ” ಎಂದೆ.

ಮರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತೆ. ಹೊಗೆಯಿಲ್ಲ, ಹಬೆಯಿಲ್ಲ, ಕೆಂಪು ಬೆಳಕು ಮಾತ್ರ. ಸ್ವಲ್ಪ ಹೊತ್ತಿಗೆ ಬೆವರಿಳಿಯಿತು. ಅಳು ಬರಲಿಲ್ಲ. ಆದರೆ ಬೆನ್ನ ನಡುವೆ, ಎಣ್ಣೆ ತಾಕದ ಅಷ್ಟು ಜಾಗದಲ್ಲಿ, ಬಿಸಿ ತಟ್ಟುತ್ತಿರುವುದು ಗೊತ್ತಾಯಿತು.