ಜ್ಞಾಪಕದ ಮನೆಯ ಮುಂದೊಂದು ಅಂಗಡಿ

ಮೊನ್ನೆ ಪಕ್ಕದ ಮನೆಯವರು ಉತ್ತರದ ಕಡೆ ಪ್ರವಾಸ ಹೋಗಿ ಬಂದವರು ನಮಗೊಂದು ಕಾಫಿ ಕಪ್ಪು ತಂದುಕೊಟ್ಟರು. ಅದರ ಮೇಲೆ ಯಾವುದೋ ಯುದ್ಧದಲ್ಲಿ ಮಡಿದವರ ಸ್ಮಾರಕದ ಚಿತ್ರ. ನನ್ನ ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸತ್ತೋರ ಸ್ಮಾರಕ ಇದು. ಇದ್ರಾಗೆ ಕಾಫಿ ಕುಡಿಯೋದು ಹೆಂಗೆ?” ಅಂದಳು. ಕೊಟ್ಟವರ ಮನಸ್ಸೂ ನೋಯಬಾರದು, ಸತ್ತವರ ಮರ್ಯಾದೆಯೂ ಕೆಡಬಾರದು. ಕೊನೆಗೆ ಕಪ್ಪು ಷೋಕೇಸಿಗೆ ಹೋಯಿತು, ನಾವಿಬ್ಬರೂ ಎಂದಿನ ಸ್ಟೀಲ್ ಲೋಟಕ್ಕೆ ಹೋದೆವು. ನಗಬೇಡಿ. ಇದೇ ಪ್ರಶ್ನೆಗೆ ಒಂದು ಊರು ಎರಡಾದದ್ದನ್ನು ನಾನು ಕಂಡಿದ್ದೇನೆ. ಆ ಎರಡರ ನಡುವೆ ಸಿಕ್ಕಿ ಪೆಚ್ಚಾದವನೂ ನಾನೇ.

ಕಲ್ಯಾಣದುರ್ಗದ ಹತ್ತಿರದ ಹಳ್ಳಿಯೊಂದಕ್ಕೆ ನಮ್ಮ ಸೋದರತ್ತೆ ಓಬಳಮ್ಮನನ್ನು ಕೊಟ್ಟಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿನ ಕೆರೆ ಒಡೆಯಿತು. ಮೋಡ ಕಂಡರೆ ಕೈ ಮುಗಿಯುವ ಸೀಮೆ ನಮ್ಮದು. ನೀರು ಬಂದು ಜನ ಸಾಯುತ್ತಾರೆಂದು ಯಾರೂ ಎಣಿಸಿರಲಿಲ್ಲ. ನೀರು ಊರೊಳಗೆ ನುಗ್ಗಿದಾಗ ಅತ್ತೆಯ ವಾರಗಿತ್ತಿ ತಿಪ್ಪಕ್ಕ ತನ್ನ ಪುಟ್ಟ ಮಗಳನ್ನು ಮಾಳಿಗೆಯ ಮೇಲಿದ್ದ ಅತ್ತೆಯ ಕೈಗೆ ಎತ್ತಿ ಕೊಟ್ಟಳು. ಕರುವಿನ ಹಗ್ಗ ಬಿಚ್ಚಿ ಬರುತ್ತೇನೆಂದು ಹಿಂದಕ್ಕೆ ಹೋದವಳು ಮತ್ತೆ ಬರಲಿಲ್ಲ. ಆ ಮಗು ಜಯಮ್ಮನನ್ನು ಅತ್ತೆಯೇ ಸಾಕಿ ದೊಡ್ಡವಳನ್ನಾಗಿ ಮಾಡಿದಳು.

ಈಚೆಗೆ, ಜಯಮ್ಮನಿಗೂ ತಲೆ ನೆರೆಯಲು ಶುರುವಾದ ಮೇಲೆ, ಅವಳೂ ಊರಿನ ಕೆಲವರೂ ಸೇರಿ ದಿಬ್ಬದ ಮೇಲೆ ಎರಡು ಕೋಣೆ ಕಟ್ಟಿದರು. ಹೂಳಿನಲ್ಲಿ ಸಿಕ್ಕ ಸೊಟ್ಟ ಬಿಂದಿಗೆ, ಬೀಸುವ ಕಲ್ಲು, ಅರ್ಧ ಬಾಗಿಲ ಚೌಕಟ್ಟು ಎಲ್ಲವನ್ನೂ ಇಟ್ಟು, ಗೋಡೆಯ ಮೇಲೆ ಹೋದವರ ಹೆಸರು ಬರೆಸಿದರು. ಊರವರ ಬಾಯಲ್ಲಿ ಅದು ‘ಜ್ಞಾಪಕದ ಮನೆ’. ನಾನು ಹಿಂದೂಪುರದಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಕನ್ನಡದ ಫಲಕಗಳು ನನ್ನ ಪಾಲಿಗೆ ಬಂದವು. ಚೌಕಟ್ಟಿನ ಕೆಳಗೆ ‘ಜಲಪ್ರಳಯದ ಮೂಕಸಾಕ್ಷಿ’ ಎಂದು ಬರೆದು ಬೀಗಿದೆ. ಜಯಮ್ಮ ಓದಿ, “ಬಾವ, ಇದು ನಮ್ಮ ಮನೆ ಬಾಗ್ಲು ಅಂತ ಬರೀರಿ, ಸಾಕು” ಅಂದಳು. ಅಳಿಸಿ ಹಾಗೇ ಬರೆದೆ.

ಜಗಳ ಹುಟ್ಟಿದ್ದು ಸಿಂಬಿಯಿಂದ. ತಲೆಯ ಮೇಲೆ ಬಿಂದಿಗೆ ಹೊರುವಾಗ ಕೆಳಗಿಡುವ ಬಟ್ಟೆಯ ಸುತ್ತು ಇದೆಯಲ್ಲ, ಅದೇ. ತಿಪ್ಪಕ್ಕ ಹಳೆಯ ಸೀರೆಯ ಅಂಚುಗಳನ್ನು ಹೆಣೆದು ಸಿಂಬಿ ಸುತ್ತಿದರೆ ಹೂವಿನ ದಂಡೆಯ ಹಾಗೆ ಕಾಣುತ್ತಿತ್ತಂತೆ. ಆ ಕೆಲಸವನ್ನು ಅತ್ತೆ ಅವಳಿಂದ ಕಲಿತಿದ್ದಳು, ಅತ್ತೆಯಿಂದ ಜಯಮ್ಮ ಕಲಿತಳು. ಬಂದವರು ಕೊಂಡುಹೋಗಲಿ ಎಂದು ಜಯಮ್ಮ ಒಂದು ಬುಟ್ಟಿ ಸಿಂಬಿ ಮಾಡಿ ಜ್ಞಾಪಕದ ಮನೆಯ ಮುಂದಿನ ಬೇವಿನ ಮರದ ಕೆಳಗೆ ಇಟ್ಟಳು. ಕೆರೆಯ ಒಡೆದ ಕಟ್ಟೆಯ ಚಿತ್ರದ ಕೀ ಚೈನೂ ಮಾಡಿಸೋಣ ಎಂದು ಇನ್ಯಾರೋ ಅಂದರಂತೆ. ಅತ್ತೆ ಕೆಂಡವಾದಳು. ಊರಲ್ಲಿ ಅರ್ಧ ಜನ ಅವಳ ಕಡೆ, ಅರ್ಧ ಜನ ಜಯಮ್ಮನ ಕಡೆ ಆದರು. ಪಂಚಾಯಿತಿ ಮಾಡಲು ನನಗೆ ಫೋನು ಬಂತು.

ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಅಂಗಡಿ ಬೇಡವೆಂಬುದಕ್ಕೆ ನನ್ನ ಹತ್ತಿರ ಒಳ್ಳೆಯ ಭಾಷಣ ತಯಾರಾಗಿತ್ತು. ಪೆನುಕೊಂಡ ಬರುವಷ್ಟರಲ್ಲಿ ಅಂಗಡಿ ಬೇಕೆಂಬುದಕ್ಕೂ ಇನ್ನೊಂದು ತಯಾರಾಯಿತು.

“ಸಾವಿನ ಮನೆಯಿಂದ ಯಾರಾನ ಏನಾನ ತಗಂಡು ಹೋಯ್ತಾರೇನ್ಲಾ?” ನಾನು ಬೇವಿನ ಮರದ ಕೆಳಗೆ ಕಾಲಿಡುತ್ತಲೇ ಅತ್ತೆ ನನ್ನನ್ನೇ ಗದರಿದಳು. “ಹೋಗ್ಬತ್ತೀನಿ ಅಂತ ಬಾಯ್ಬಿಟ್ಟು ಹೇಳಾಕೂ ಇಲ್ಲ. ಅಂಥಾ ಕಡೆ ಯಾಪಾರ ಹಾಕವ್ಳೆ ಇವ್ಳು!”

“ಅವ್ವ ಸತ್ತಿದ್ದು ನಂಗೆ ಜ್ಞಾಪಕ ಇಲ್ಲ ಚಿಕ್ಕವ್ವ,” ಜಯಮ್ಮ ಬುಟ್ಟಿಯಿಂದ ಒಂದು ಸಿಂಬಿ ಎತ್ತಿಕೊಂಡಳು. “ಮುಖಾನೂ ಜ್ಞಾಪಕ ಇಲ್ಲ. ಇದೊಂದು ಕೈಗೆ ಬಂದೈತೆ. ಇದ್ನೂ ಒಳಗೆ ಗಾಜಿನ ಪೆಟ್ಟಿಗೇಲಿ ಇಟ್ಬುಟ್ರೆ ಅವ್ವಂದು ಅಂತ ಏನೈತೆ ನಂಗೆ?”

ನಾನು, “ಇಬ್ಬರೂ ಹೇಳೋದ್ರಲ್ಲಿ ನ್ಯಾಯ ಇದೆ” ಎಂದೆ. ಇಬ್ಬರೂ ನನ್ನ ಕಡೆ ಬೆನ್ನು ಹಾಕಿ ಕೂತರು.

ಆ ಹೊತ್ತಿಗೆ ಜ್ಞಾಪಕದ ಮನೆಯ ಒಳಗಿನಿಂದ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ಪರಿಗಿ ಕಡೆಯವಳು, ಅವಳ ತಾಯಿಯ ತವರು ಈ ಊರಂತೆ. ಹೊರಗೆ ಬಿದ್ದಿದ್ದ ಒಂದು ಮಡಕೆಯ ಚೂರನ್ನು ಮೆಲ್ಲಗೆ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡದ್ದನ್ನು ಅತ್ತೆ ನೋಡಿಬಿಟ್ಟಳು.

“ಅದ್ಯಾಕಮ್ಮಾ?”

ಆಕೆ ನಾಚಿದಳು. “ಉತ್ತ ಚೇತುಲ್ತೋ ಪೋಬುದ್ಧಿ ಕಾಲೇದಮ್ಮಾ” ಅಂದಳು ತೆಲುಗಿನಲ್ಲಿ. ಬರಿಗೈಯಲ್ಲಿ ಹೋಗಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಅತ್ತೆ ಎದ್ದು, ಬುಟ್ಟಿಯಲ್ಲಿ ಕೈಯಾಡಿಸಿ, ಕೆಂಪಂಚಿನದೊಂದು ಸಿಂಬಿ ಆರಿಸಿ ಅವಳ ಕೈಗಿಟ್ಟಳು. “ಆ ಬೋಕಿ ಬಿಸಾಕು. ಇದು ನಮ್ಮಕ್ಕ ಮಾಡ್ತಿದ್ದಿದ್ದು, ಇಟ್ಕೋ.” ಆಕೆ ದುಡ್ಡು ತೆಗೆದಳು. ಅತ್ತೆ ಬೇಡವೆಂದು ಕೈ ಹಿಂದಕ್ಕೆಳೆದುಕೊಂಡಳು.

“ಸುಮ್ನೆ ಇಸ್ಕಂಡ್ರೆ ದಾನ ಆಗ್ತದಮ್ಮ,” ಎಂದಳು ಆಕೆ, ಈಗ ಕನ್ನಡದಲ್ಲಿ. “ಕೊಂಡ್ಕಂಡ್ರೆ ನಂದಾಗ್ತದೆ. ನಮ್ಮಮ್ಮನ ಊರಿಂದು, ನಂದೇ ಆಗ್ಲಿ.”

ಈ ಮಾತು ನನ್ನ ಎರಡು ಭಾಷಣಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಅತ್ತೆ ದುಡ್ಡು ತೆಗೆದುಕೊಂಡು ನೋಡದೆ ಜಯಮ್ಮನ ಕೈಗೆ ಕೊಟ್ಟಳು. ಪರಿಗಿಯಾಕೆ ಆ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು, ಇಲ್ಲದ ಬಿಂದಿಗೆಯನ್ನು ಒಂದು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದು ತೋರಿಸಿದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ಆ ದಿಬ್ಬದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಟವಳ ಹಿಂದೆಯೇ ಕೂಗಿ ಹೇಳಿದಳು: “ಹೋಗ್ಬಾರಮ್ಮಾ! ಇನ್ನೊಂದ್ಸಲ ಬಾ!”

ಹಾಗೆಂದು ಅತ್ತೆ ಪೂರ್ತಿ ಸೋತಳೆಂದು ತಿಳಿಯಬೇಡಿ. ಅಂಗಡಿ ಮರದ ಕೆಳಗೇ ಇರಬೇಕು, ಹೊಸಿಲೊಳಗೆ ಬರಕೂಡದು. ನೀರಿನ ಚಿತ್ರ, ಒಡೆದ ಕಟ್ಟೆಯ ಚಿತ್ರ ಯಾವುದೂ ಬೇಡ. “ಅಕ್ಕನ್ನ ಕೊಂದಿದ್ನ ಮಾರಬ್ಯಾಡಿ. ಅಕ್ಕ ಮಾಡಿದ್ನ ಮಾರ್ರಿ” ಅಂದಳು. ಅಲ್ಲಿಗೆ ಕೀ ಚೈನಿನ ಕಥೆ ಮುಗಿಯಿತು. ಮಾರನೆಯ ದಿನದಿಂದ ಬುಟ್ಟಿಯ ಪಕ್ಕ ಅವಳೇ ಕೂತು, “ಇಷ್ಟು ಸಡಿಲ ಕಟ್ತಿರ್ಲಿಲ್ಲ ಕಣಮ್ಮ ನಿಮ್ಮವ್ವ” ಎಂದು ಜಯಮ್ಮನ ಸಿಂಬಿಗಳನ್ನು ಬಿಚ್ಚಿಸತೊಡಗಿದಳಂತೆ. ಜಯಮ್ಮ ಫೋನಿನಲ್ಲಿ ದೂರು ಹೇಳಿದಳು. ದೂರಿನ ದನಿ ಮಾತ್ರ ಬಲು ಸಂತೋಷದ್ದಾಗಿತ್ತು.

ಈ ವ್ಯಾಪಾರದಲ್ಲಿ ನನಗೂ ಒಂದು ಹುದ್ದೆ ಸಿಕ್ಕಿದೆ. ಹಿಂದೂಪುರದ ನಂಟರ ಮನೆಗಳಲ್ಲಿ ಹಳೆಯ ಸೀರೆ ಬೇಡಿ ಕೂಡಿಸಿ, ತಿಂಗಳಿಗೊಮ್ಮೆ ಕಲ್ಯಾಣದುರ್ಗದ ಬಸ್ಸಿಗೆ ಹೊರುವುದು. ಇವತ್ತು ಬೆಳಿಗ್ಗೆ ಚೀಲ ಕಟ್ಟುತ್ತಿದ್ದಾಗ ನನ್ನ ಹೆಂಡತಿ ಬೀರುವಿನಿಂದ ತನ್ನ ತಾಯಿಯ ಸೀರೆ ತೆಗೆದು ತಂದಳು. ಅವರು ಹೋದ ಮೇಲೆ ಅದನ್ನು ಅವಳು ಉಟ್ಟದ್ದಿಲ್ಲ, ಇನ್ನೊಬ್ಬರಿಗೆ ಮುಟ್ಟಲು ಬಿಟ್ಟದ್ದಿಲ್ಲ. ನಾನು ಚೀಲದ ಬಾಯಿ ಬಿಚ್ಚಿದೆ.

“ಹಸಿರಂಚು ಮೇಲಕ್ಕೆ ಬರೋ ಹಂಗೆ ಸುತ್ತಾಕೆ ಹೇಳ್ರಿ,” ಅಂದಳು. “ಅಮ್ಮಂಗೆ ಹಸಿರು ಅಂದ್ರೆ ಆಸೆ.”